ಗಾಳ ಏಕೆ ದೂರ ಬೀಳದು?

ಕಾರಂಜಾ ಜಲಾಶಯವನ್ನು ಬೇಸಿಗೆಯಲ್ಲಿ ಕಂಡವರಿಗೆ, ಇಂದು ನಾನು ಎತ್ತಿಕೊಂಡಿರುವ ವಿಷಯವು ಬಿಡುವುಳ್ಳವರ ಬರಿಯ ಗೀಳಲ್ಲವೆಂಬುದು ಸುಲಭವಾಗಿ ಮನದಟ್ಟಾದೀತು. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟೆ ಕಟ್ಟಿ ತಡೆದಿರುವ ಈ ನೀರು ಮಲೆನಾಡಿನ ಕಣಿವೆಗಳ ನೀರಿನಂತೆ ದಡದಿಂದ ಎರಡೇ ಹೆಜ್ಜೆಗೆ ಆಳವಾಗತಕ್ಕದ್ದಲ್ಲ; ಸಮತಟ್ಟಾದ ಕರಿಮಣ್ಣಿನ ನೆಲದ ಮೇಲೆ ಹರಡಿಕೊಂಡಿರುವುದರಿಂದ, ಚೈತ್ರ ವೈಶಾಖಗಳಲ್ಲಿ ಅದು ಹಿಂದೆ ಸರಿಯತೊಡಗಿದಾಗ, ಕಾಲಿಟ್ಟರೆ ಮೊಣಕಾಲಿನವರೆಗೆ ಹೂತುಹೋಗುವ ಕೆಸರಿನ ಪಟ್ಟಿಯೊಂದನ್ನು ತನ್ನ ಅಂಚಿಗೆ ಉಳಿಸಿಹೋಗುತ್ತದೆ. ಗಾಳ ಹಾಕುವವನು ಗಟ್ಟಿನೆಲದ ಮೇಲೆ, ಮೀನು ತಣ್ಣನೆಯ ಆಳದಲ್ಲಿ. ನಡುವೆ ಕೆಸರೂ ಬಿಸಿಲಿಗೆ ಕಾದ ತೆಳುನೀರೂ ಕೂಡಿ ಇಪ್ಪತ್ತೈದು ಮೂವತ್ತು ಮಾರಿನ ಅಂತರ. ಇಂತಹ ಸ್ಥಳದಲ್ಲಿ, ಹೈದರಾಬಾದಿನಿಂದಲೋ ಪುಣೆಯಿಂದಲೋ ಹಣ ಕೊಟ್ಟು ತರಿಸಿದ ಸ್ಪಿನ್ನಿಂಗ್ ಕೋಲೂ ಅದಕ್ಕೊಪ್ಪುವ ರೀಲೂ ಕೈಯಲ್ಲಿದ್ದು, ಗಾಳವು ಹನ್ನೆರಡು ಹದಿನೈದು ಮಾರಿಗೆ ಹೋಗಿ ಕೆಸರಿನ ಸೆರಗಿನಲ್ಲಿಯೇ ಬಿದ್ದರೆ, ಅದನ್ನು ಎಸೆದವನ ಮುಖವನ್ನು ನೋಡಬೇಕಾದುದಿಲ್ಲ.

ಈ ಅಲ್ಪದೂರಕ್ಕೆ ಕಾರಣವೇನು, ಅದನ್ನು ಹುಡುಕಿ ತೆಗೆಯುವ ಬಗೆ ಹೇಗೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಲು ಹೊರಟಿದ್ದೇನೆ. ಕೈಯ ಚಲನೆಯೊಂದನ್ನು ಕಿವಿಯ ಮೂಲಕ ಕಲಿಸುವುದು ಬಾನುಲಿಗೆ ಅನುಕೂಲವಾದ ಕೆಲಸವಲ್ಲವೆಂಬುದು ನನಗೆ ಗೊತ್ತುಂಟು. ಆದರೆ ದೂರ ಬೀಳದಿರುವುದಕ್ಕೆ ಕೈಯೇ ಕಾರಣವೆಂದು ಎಲ್ಲರೂ ನಂಬಿರುವುದು ನಿಜವಾಗಿದ್ದ ಪಕ್ಷದಲ್ಲಿ ನಾನು ಈ ಸಾಹಸಕ್ಕೆ ಕೈಹಾಕುತ್ತಿರಲಿಲ್ಲ. ದೂರವನ್ನು ಕೊಡುವುದು ಬಾಹುಬಲವಲ್ಲ; ದಾರದ ಹಾದಿಯಲ್ಲಿರುವ ಅಡಚಣೆಗಳನ್ನು ಒಂದೊಂದಾಗಿ ತೆಗೆದುಹಾಕುವ ತಾಳ್ಮೆ. ಈ ಅಡಚಣೆಗಳ ಪೈಕಿ ಬಹುಪಾಲು, ತೋಳಿಗೂ ಕೋಲಿಗೂ ಬಹಳ ಹಿಂದೆ, ರೀಲಿನೊಳಗೆ, ಹೆಬ್ಬೆರಳಿನಗಲದ ಒಂದು ಜಾಗದಲ್ಲಿ ಕುಳಿತಿರುತ್ತವೆ.

ಗಾಳದಿಂದ ಮೀನು ಹಿಡಿಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ಭಾಲ್ಕಿಯ ನೆರೆಯ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ದಿನಗಳಲ್ಲಿ, ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸಾ.ಶ. 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದ ವಿನೋದವಿಂಶತಿಯಲ್ಲಿ, ಮಲ್ಲಯುದ್ಧ ಗಜಾಶ್ವಕ್ರೀಡೆಗಳ ಸಾಲಿನಲ್ಲಿಯೇ ಮತ್ಸ್ಯವಿನೋದವೆಂಬ ಅಧ್ಯಾಯವೊಂದನ್ನು ಸೇರಿಸಿದ್ದಾನೆ. ಸಮುದ್ರದ ಮೀನು ಯಾವುದು, ನದಿಯ ಮೀನು ಯಾವುದು, ಯಾವುದಕ್ಕೆ ಹುರುಪೆಯುಂಟು, ಯಾವುದಕ್ಕಿಲ್ಲ, ಯಾವ ಮೀನಿಗೆ ಯಾವ ಆಹಾರವನ್ನು ಹಾಕಿ ಸಾಕಬೇಕು ಎಂಬುದನ್ನೆಲ್ಲ ಅರಸನು ಆಸ್ಥೆಯಿಂದ ವಿವರಿಸಿರುವುದನ್ನು ಓದುವಾಗ, ಈ ವಿದ್ಯೆಯನ್ನು ಹೊಟ್ಟೆಪಾಡಿನ ಕಸುಬೆಂದು ಕಡೆಗಣಿಸುವ ನಮ್ಮ ಇಂದಿನ ಸುಶಿಕ್ಷಿತರಿಗಿಂತ ಆ ಚಕ್ರವರ್ತಿಯೇ ರಸಿಕನಾಗಿದ್ದನೆಂದು ತೋರುತ್ತದೆ. ಆದರೆ ಆತನಿಗೆ ದೂರದ ಚಿಂತೆಯಿರಲಿಲ್ಲ. ಉಂಡೆ ಹಾಕಿ ಪಳಗಿಸಿದ ಮೀನು ತಾನಾಗಿಯೇ ದಡದ ಹತ್ತಿರಕ್ಕೆ ಬರುತ್ತಿತ್ತು. ಇಂದಿಗೂ ರೋಹು, ಕಾಟ್ಲಾ, ಮೃಗಾಲಗಳನ್ನು ಹಿಡಿಯುವವರು ಹಿಂಡಿಯ ಉಂಡೆಯನ್ನು ಹಾಕಿ ಅದೇ ಉಪಾಯವನ್ನು ಅನುಸರಿಸುತ್ತಾರೆ. ಉಂಡೆಗೆ ಮರುಳಾಗದ ಬೇಟೆಗಾರ ಮೀನುಗಳನ್ನು, ನಾವು ಮರಲ್ ಎನ್ನುವ ಕೊರವ ಮೀನನ್ನೋ ನದಿಯ ಮಡುವಿನ ಬಾಳೆಮೀನನ್ನೋ, ಕೃತಕ ಎರೆಯಿಂದ ಹಿಡಿಯಹೊರಟವನಿಗೆ ಮಾತ್ರ, ಮೀನು ಇರುವ ಕಡೆಗೆ ಎರೆಯನ್ನು ಮುಟ್ಟಿಸುವುದು ಅನಿವಾರ್ಯವಾಗುತ್ತದೆ.

ಸ್ಪಿನ್ನಿಂಗ್ ರೀಲು ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನಲ್ಲಿ ಉಣ್ಣೆಯ ಗಿರಣಿ ನಡೆಸುತ್ತಿದ್ದ ಆಲ್ಫ್ರೆಡ್ ಹೋಲ್ಡನ್ ಇಲಿಂಗ್‌ವರ್ತ್ ಎಂಬಾತನ ಕಲ್ಪನೆ. 1905ರಲ್ಲಿ ಅವನು ಅದಕ್ಕೆ ಪೇಟೆಂಟು ಪಡೆದನು. ಅದಕ್ಕೆ ಮುಂಚಿನ ಸಾಮಾನ್ಯ ರೀಲುಗಳಲ್ಲಿ ದಾರ ಬಿಚ್ಚಬೇಕಾದರೆ ಚಕ್ರವೇ ತಿರುಗಬೇಕಾಗಿತ್ತು. ತಿರುಗದೆ ಕುಳಿತ ಚಕ್ರವನ್ನು ತಿರುಗಿಸಲು ಹಗುರವಾದ ಎರೆಗೆ ಶಕ್ತಿ ಸಾಲದು, ಒಮ್ಮೆ ತಿರುಗತೊಡಗಿದ ಮೇಲೆ ಅದನ್ನು ನಿಲ್ಲಿಸಲು ಎಸೆದವನಿಗೆ ಜಾಣ್ಮೆ ಸಾಲದು. ಗಿರಣಿಯಲ್ಲಿ ನೂಲು ಕಂಡಿಕೆಯಿಂದ ಹೊರಡುವ ರೀತಿಯನ್ನು ದಿನವೂ ಕಾಣುತ್ತಿದ್ದ ಇಲಿಂಗ್‌ವರ್ತನು, ಕಂಡಿಕೆಯು ನಿಶ್ಚಲವಾಗಿದ್ದು ನೂಲು ಮಾತ್ರ ಅದರ ತುದಿಯ ಮೇಲಿನಿಂದ ಸುರುಳಿ ಸುರುಳಿಯಾಗಿ ಜಾರಿಹೋಗುವ ಆ ವ್ಯವಸ್ಥೆಯನ್ನೇ ರೀಲಿಗೆ ಅಳವಡಿಸಿದನು. ಕಲಬುರ್ಗಿಯ ಎಂ.ಎಸ್.ಕೆ. ಗಿರಣಿಯಲ್ಲಿ ದುಡಿದ ಹಿರಿಯರು ಯಾರಾದರೂ ಈ ಭಾಷಣವನ್ನು ಕೇಳುತ್ತಿದ್ದರೆ, ಮೀನಿನ ರೀಲನ್ನು ಎಂದೂ ಮುಟ್ಟದಿದ್ದರೂ ಅದರ ಮರ್ಮವನ್ನು ನನಗಿಂತ ಚೆನ್ನಾಗಿ ಅವರು ಬಲ್ಲರು.

ಅಷ್ಟೇ ಅಲ್ಲ, ನಮ್ಮ ಕೆರೆದಂಡೆಯ ಹುಡುಗರೂ ಬಲ್ಲರು. ಕೋಲಿಲ್ಲ, ರೀಲಿಲ್ಲ, ಖಾಲಿಯಾದ ನೀರಿನ ಬಾಟಲಿಯೊಂದಕ್ಕೆ ನೈಲಾನ್ ದಾರವನ್ನು ಸುತ್ತಿ, ತುದಿಗೆ ಗಾಳವನ್ನೂ ಸೀಸದ ಗುಂಡನ್ನೂ ಕಟ್ಟಿ, ಎಡಗೈಯಲ್ಲಿ ಬಾಟಲಿಯ ತಳವನ್ನು ನೀರಿನ ಕಡೆಗೆ ಮುಖಮಾಡಿ ಹಿಡಿದು, ಬಲಗೈಯಿಂದ ಗುಂಡನ್ನು ಗರಗರ ತಿರುಗಿಸಿ ಬಿಟ್ಟರೆಂದರೆ, ದಾರವು ಬಾಟಲಿಯ ಮೇಲಿನಿಂದ ಸರಸರನೆ ಜಾರಿ, ಪಕ್ಕದಲ್ಲಿ ಬೆಲೆಬಾಳುವ ಕೋಲು ಹಿಡಿದು ನಿಂತ ಪಟ್ಟಣಿಗನ ಗಾಳವನ್ನು ದಾಟಿ ಬೀಳುವುದನ್ನು ಕಂಡವರು ಅನೇಕರಿದ್ದಾರೆ. ಇದು ನಗುವ ಮಾತಲ್ಲ, ಯೋಚಿಸುವ ಮಾತು. ಬಾಟಲಿಯ ಮೈ ನುಣುಪು. ದಾರವು ತಡೆಯಿಲ್ಲದೆ ಅದರ ಅಂಚನ್ನು ದಾಟುತ್ತದೆ. ಸುತ್ತು ದೊಡ್ಡದಾದುದರಿಂದ ದಾರಕ್ಕೆ ಬಿಗಿಯಾದ ಸುರುಳಿಯ ಚಾಳಿ ಹತ್ತುವುದಿಲ್ಲ. ಕಟ್ಟಿದ ಗುಂಡು ಎಸೆಯಲು ತಕ್ಕಷ್ಟು ಭಾರವಾಗಿರುತ್ತದೆ. ನಮ್ಮ ರೀಲಿನಲ್ಲಿ ಇವುಗಳಲ್ಲಿ ಯಾವುದು ಕೆಟ್ಟಿದೆಯೆಂದು ನೋಡಿದರೆ ಅರ್ಧ ರೋಗವು ತಿಳಿದಂತೆಯೇ.

ಮೊದಲು ಕಂಡಿಕೆಯನ್ನು ನೋಡೋಣ. ರೀಲಿನ ಕಂಡಿಕೆಯ ಮುಂದಂಚಿನಿಂದ ದಾರದ ಮಟ್ಟವು ಎಷ್ಟು ಕೆಳಗಿದೆ? ಸುಮಾರು ಎರಡು ಮಿಲಿಮೀಟರ್, ಎಂದರೆ ಜೋಳದ ಕಾಳಿನ ಅರ್ಧದಷ್ಟು ಕೆಳಗಿದ್ದರೆ ಸರಿ. ನೂರಕ್ಕೆ ನೂರು ಮಂದಿ ಎನ್ನಲಾರೆನಾದರೂ, ದೂರ ಬೀಳದೆಂದು ದೂರುವವರಲ್ಲಿ ಬಹುಮಂದಿಯ ಕಂಡಿಕೆಯು ಅರೆತುಂಬಿರುತ್ತದೆ. ಒಂದು ವರ್ಷ ಉಪಯೋಗಿಸಿ, ಸಿಕ್ಕುಬಿದ್ದಾಗಲೆಲ್ಲ ಕೊಂಚ ಕೊಂಚ ಕತ್ತರಿಸಿ, ಮುಳ್ಳುಜಾಲಿಗೆ ಕೊಂಚ ಬಲಿಕೊಟ್ಟು, ಉಳಿದುದನ್ನೇ ಸುತ್ತಿಕೊಂಡು ಬಂದ ದಾರವು ಅಂಚಿನಿಂದ ಬೆರಳಗಲ ಕೆಳಗೆ ಇಳಿದಿರುತ್ತದೆ. ಹೀಗಿರುವಾಗ ಹೊರಡುವ ಪ್ರತಿಯೊಂದು ಸುತ್ತೂ ಮೇಲಕ್ಕೆ ಹತ್ತಿ, ಅಂಚಿಗೆ ಉಜ್ಜಿ, ಬಾಗಿ, ಅನಂತರ ಮುಂದೆ ಹೋಗಬೇಕು. ಎಸೆತವು ದೂರ ಹೋದಂತೆಲ್ಲ ಮಟ್ಟವು ಇನ್ನೂ ಕೆಳಗಿಳಿದು ಉಜ್ಜುವಿಕೆಯು ಹೆಚ್ಚುತ್ತಲೇ ಹೋಗುತ್ತದೆ. ಎರೆಗೆ ವೇಗವು ಉಳಿದಿರುವುದು ಆರಂಭದಲ್ಲಿ, ಅಡ್ಡಿಯು ಬೆಳೆಯುವುದು ಕೊನೆಯಲ್ಲಿ. ಆದುದರಿಂದ ಇದರ ಲಕ್ಷಣವು ಸ್ಪಷ್ಟವಾದುದು: ಎರೆಯು ಕೋಲಿನಿಂದ ಚೆನ್ನಾಗಿಯೇ ಹೊರಟು, ನಡುದಾರಿಯಲ್ಲಿ ಯಾರೋ ಜುಟ್ಟು ಹಿಡಿದು ನಿಲ್ಲಿಸಿದಂತಾಗಿ ಕೆಳಗೆ ಬೀಳುತ್ತದೆ. ಈ ಲಕ್ಷಣವನ್ನು ಕಂಡವನು ತೋಳನ್ನು ಬಲಪಡಿಸಿಕೊಳ್ಳಲು ಹೋಗಬಾರದು, ಕಂಡಿಕೆಯನ್ನು ತುಂಬಬೇಕು. ದುಬಾರಿಯಾದ ದಾರವನ್ನು ತಳದವರೆಗೂ ಸುತ್ತಬೇಕೆಂಬ ನಿಯಮವೇನೂ ಇಲ್ಲ. ಹಳೆಯ ನೈಲಾನನ್ನು ಅಡಿಯಲ್ಲಿ ಸುತ್ತಿ, ಮೇಲಿನ ಎಂಬತ್ತು ನೂರು ಮೀಟರ್ ಮಾತ್ರ ಹೊಸದಾಗಿದ್ದರೆ ಸಾಕು.

ಹಾಗೆಂದು ಅಂಚಿಗೆ ಸಮನಾಗಿಯೋ ಅಂಚನ್ನು ಮೀರಿಯೋ ತುಂಬಿದರೆ ಬೇರೊಂದು ವಿಪತ್ತು ಕಾದಿದೆ. ಮೇಲಿನ ಸುತ್ತುಗಳು ತಮ್ಮಷ್ಟಕ್ಕೆ ಸಡಿಲಗೊಂಡು ಒಮ್ಮೆಗೇ ಹತ್ತಾರು ಸುತ್ತು ಹಾರಿ, ಕೋಲಿನ ಮೊದಲನೆಯ ಉಂಗುರದ ಬಾಯಲ್ಲಿ ಹಕ್ಕಿಗೂಡಾಗಿ ಕುಳಿತುಕೊಳ್ಳುತ್ತವೆ. ಅದನ್ನು ಬಿಡಿಸುವ ಹೊತ್ತಿಗೆ ಸಂಜೆಯಾಗುತ್ತದೆ.

ಎರಡನೆಯ ಪ್ರಶ್ನೆ ದಾರದ ದಪ್ಪದ್ದು. ನಮ್ಮವರಿಗೆ ದಪ್ಪ ದಾರದ ಮೇಲೆ ಒಂದು ಬಗೆಯ ಭಕ್ತಿ. ಇನ್ನೂ ಹಿಡಿಯದ ಇಪ್ಪತ್ತು ಸೇರಿನ ಮೀನು ದಾರವನ್ನು ಹರಿದುಕೊಂಡು ಹೋದೀತೆಂಬ ಭಯದಿಂದ, ಚಿಕ್ಕ ರೀಲಿಗೆ ಅರ್ಧ ಮಿಲಿಮೀಟರ್ ದಪ್ಪದ ನೈಲಾನನ್ನು ಸುತ್ತಿ, ಅರ್ಧ ಪಾವು ತೂಗುವ ಮೀನನ್ನೂ ಹಿಡಿಯದೆ ಮನೆಗೆ ಬರುತ್ತಾರೆ. ದಪ್ಪ ದಾರವು ಮೂರು ವಿಧದಲ್ಲಿ ದೂರವನ್ನು ತಿನ್ನುತ್ತದೆ: ಬಿರುಸಾದುದರಿಂದ ಕಂಡಿಕೆಯ ಮೇಲೆ ಒತ್ತಾಗಿ ಕೂರದೆ ಸುರುಳಿಯಾಗಿ ಸಿಡಿಯುತ್ತದೆ, ಮೈ ದೊಡ್ಡದಾದುದರಿಂದ ಉಂಗುರಗಳಿಗೂ ಗಾಳಿಗೂ ಹೆಚ್ಚಾಗಿ ತಾಗುತ್ತದೆ, ಸ್ಥಳವನ್ನು ಹೆಚ್ಚಾಗಿ ಆಕ್ರಮಿಸುವುದರಿಂದ ಎಸೆತದ ವೇಳೆ ಮಟ್ಟವು ಬೇಗನೆ ಕುಸಿಯುತ್ತದೆ. ದಾರವು ಆಕ್ರಮಿಸುವ ಜಾಗವು ಅದರ ವ್ಯಾಸದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆಯಾದುದರಿಂದ, 0.25 ಮಿಲಿಮೀಟರಿನ ದಾರ 250 ಮೀಟರ್ ಹಿಡಿಯುವ ಕಂಡಿಕೆಯಲ್ಲಿ 0.40 ಮಿಲಿಮೀಟರಿನದು ನೂರು ಮೀಟರಿಗಿಂತ ಹೆಚ್ಚು ಹಿಡಿಯಲಾರದು. ಮರಲ್ ಹಿಡಿಯಲು ಜೊಂಡಿನ ನಡುವೆ ಬಲವಾದ ದಾರವೇ ಬೇಕೆಂಬುದನ್ನು ಒಪ್ಪುತ್ತೇನೆ. ಅಂತಹವರಿಗೆ ಹೆಣೆದ ದಾರವುಂಟು. ಹಲವು ಎಳೆಗಳನ್ನು ಹೆಣೆದು ಮಾಡಿದ ಇದು, ಅದೇ ಬಲದ ನೈಲಾನಿಗಿಂತ ಬಹಳ ತೆಳುವೂ ಮೃದುವೂ ಆದುದು. ಸುರುಳಿಯ ಚಾಳಿಯೆಂಬುದೇ ಅದಕ್ಕಿಲ್ಲವೆನ್ನಬಹುದು. ಬೆಲೆ ಹೆಚ್ಚು, ಬೆರಳನ್ನು ಕೊಯ್ಯುತ್ತದೆ, ಸಡಿಲವಾಗಿ ಸುತ್ತಿದರೆ ಬಿಡಿಸಲಾಗದ ಗಂಟು ಬೀಳುತ್ತದೆ ಎಂಬ ಆಕ್ಷೇಪಣೆಗಳೂ ನಿಜವೇ. ಅದನ್ನು ಸುತ್ತುವಾಗ ಒದ್ದೆಬಟ್ಟೆಯ ನಡುವೆ ಬಿಗಿಹಿಡಿದು ಸುತ್ತಬೇಕು. ತಳದಲ್ಲಿ ನಾಲ್ಕು ಸುತ್ತು ನೈಲಾನು ಇಲ್ಲದಿದ್ದರೆ ಇಡೀ ದಾರವೇ ಕಂಡಿಕೆಯ ಮೇಲೆ ಜಾರುವುದುಂಟು.

ನೈಲಾನು ಲೋಕಕ್ಕೆ ಪ್ರಕಟವಾದುದು 1938ರಲ್ಲಿ. ಅದರ ಮುಂಚೆ ರೇಷ್ಮೆ ನಾರುಗಳ ದಾರಗಳೇ ಗತಿಯಾಗಿದ್ದುವು. ಅವನ್ನು ಪ್ರತಿದಿನವೂ ಬಿಚ್ಚಿ ಒಣಗಿಸದಿದ್ದರೆ ಕೊಳೆಯುತ್ತಿದ್ದುವಾದುದರಿಂದ, ಹಿಂದಿನ ಬೇಟೆಗಾರನಿಗೆ ದಾರವನ್ನು ವಿಚಾರಿಸಿಕೊಳ್ಳುವ ಅಭ್ಯಾಸ ತಾನಾಗಿಯೇ ಇತ್ತು. ನೈಲಾನು ಕೊಳೆಯದು, ಆದುದರಿಂದಲೇ ನಾವು ಅದನ್ನು ಮರೆಯುತ್ತೇವೆ. ಬೀದರ್ ಸೀಮೆಯ ಬಿಸಿಲಿನಲ್ಲಿ ಮೋಟಾರುಸೈಕಲ್ಲಿಗೆ ಕಟ್ಟಿದ ಕೋಲಿನ ಮೇಲೆ ದಿನಗಟ್ಟಲೆ ಒಣಗಿದ ದಾರವು, ಕಂಡಿಕೆಯ ಆಕಾರವನ್ನೇ ತನ್ನ ಸ್ವಭಾವವನ್ನಾಗಿ ಮಾಡಿಕೊಂಡು, ಬಿಚ್ಚಿದೊಡನೆ ಸ್ಪ್ರಿಂಗಿನಂತೆ ಸುರುಳಿಗೊಂಡು ನಿಲ್ಲುತ್ತದೆ. ಈ ಸುರುಳಿಗಳು ಒಂದೊಂದು ಉಂಗುರಕ್ಕೂ ಬಡಿಯುತ್ತ ಹೋದರೆ ದೂರವೆಲ್ಲಿಂದ ಬರಬೇಕು? ಇದಕ್ಕೆ ಮದ್ದು ಸುಲಭ. ನೈಲಾನು ನೀರನ್ನು ಹೀರಿ ಮೆತ್ತಗಾಗುವ ಗುಣವುಳ್ಳದ್ದು; ಹೊರಡುವ ಮುನ್ನ ಕಂಡಿಕೆಯನ್ನು ಕಳಚಿ ಒಂದು ತಂಬಿಗೆ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಬಹುದು; ದಂಡೆಗೆ ಬಂದ ಮೇಲೆ ತುದಿಯನ್ನು ಬೇಲಿಯ ಕಂಬಕ್ಕೆ ಕಟ್ಟಿ, ಐವತ್ತು ಹೆಜ್ಜೆ ಹಿಂದಕ್ಕೆ ನಡೆದು, ನಿಧಾನವಾಗಿ ಎಳೆದು ಹಿಡಿದರೆ ಸುರುಳಿಯು ಇಳಿಯುತ್ತದೆ. ಎರಡಕ್ಕೂ ಬಗ್ಗದ ದಾರವು ಮುದಿಯಾಯಿತೆಂದು ತಿಳಿದು ಬದಲಾಯಿಸತಕ್ಕದ್ದು. ಕತ್ತರಿಸಿದ ದಾರವನ್ನು ದಂಡೆಯಲ್ಲಿ ಎಸೆದು ಬರುವವರು, ಮರುದಿನ ಅದರಲ್ಲಿ ಕಾಲು ಸಿಕ್ಕಿಸಿಕೊಂಡ ಕೊಕ್ಕರೆಯನ್ನು ಒಮ್ಮೆ ಕಂಡರೆ ಸಾಕು.

ಸುರುಳಿಯ ಚಾಳಿಯೊಂದಾದರೆ, ಹುರಿಯೇರುವುದು ಇನ್ನೊಂದು. ಮೀನು ಎಳೆಯುತ್ತಿರುವಾಗ, ಬಲವಾದ ಸೆಳೆತಕ್ಕೆ ದಾರವನ್ನು ಬಿಟ್ಟುಕೊಡುವ ರೀಲಿನ ಡ್ರ್ಯಾಗು ಕಿರ್ರೆಂದು ಜಾರುತ್ತಿದ್ದರೂ ಹಿಡಿಕೆಯನ್ನು ತಿರುಗಿಸುತ್ತಲೇ ಇರುವ ಅಭ್ಯಾಸ ಅನೇಕರಿಗುಂಟು. ಒಂದಕ್ಕೆ ಐದರ ಪ್ರಮಾಣದ ಹಲ್ಲುಚಕ್ರವುಳ್ಳ ರೀಲಿನಲ್ಲಿ ಹೀಗೆ ಹಿಡಿಕೆಯನ್ನು ಒಂದು ಸುತ್ತು ತಿರುಗಿಸಿದರೆ ದಾರವು ಒಂದು ಗೇಣೂ ಒಳಗೆ ಬರುವುದಿಲ್ಲ. ಬದಲಿಗೆ ಐದು ಹುರಿ ಅದಕ್ಕೆ ಏರುತ್ತದೆ. ನೀರಿನಲ್ಲಿ ಗಿರಗಿರನೆ ತಿರುಗುವ ತಗಡಿನ ಎರೆಗಳೂ ಸ್ವಿವೆಲ್ ಎಂಬ ತಿರುಗುಕೊಂಡಿ ಇಲ್ಲದೆ ಕಟ್ಟಿದರೆ ಇದೇ ಅಪಕಾರವನ್ನು ಮಾಡುತ್ತವೆ. ಹುರಿಯೇರಿದ ದಾರವನ್ನು ಸರಿಪಡಿಸಲು ತುದಿಗೆ ಏನನ್ನೂ ಕಟ್ಟದೆ, ಮಾಂಜ್ರಾ ಹೊಳೆಯಲ್ಲಿ ಹರಿವಿರುವ ದಿನ ನೂರು ಮೀಟರಿನಷ್ಟು ನೀರಿಗೆ ಬಿಟ್ಟು, ಸ್ವಲ್ಪ ಹೊತ್ತು ತಡೆದು, ಬೆರಳುಗಳ ನಡುವೆ ಹಿಡಿದು ಸುತ್ತಿಕೊಂಡರೆ ಸಾಕು. ಹೊಳೆಗೆ ಹೋಗಲಾಗದವರು ಕೊಯ್ಲಾದ ಹೊಲದಲ್ಲಿ ಎಳೆದಾಡಿದರೂ ಆದೀತು.

ಇಷ್ಟು ಹೊತ್ತು ಕಂಡಿಕೆಯನ್ನೇ ಹಿಡಿದುಕೊಂಡು ಕುಳಿತೆನೆಂದು ಶ್ರೋತೃಗಳು ಬೇಸರಗೊಳ್ಳಬಾರದು. ಗಣಿತದ ಒಂದು ಸಣ್ಣ ಮಾತಿನಿಂದ ಅದರ ಕಾರಣವನ್ನು ಹೇಳಬಹುದು. ಗಾಳಿಯ ಅಡ್ಡಿಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಸೆಕೆಂಡಿಗೆ 20 ಮೀಟರ್ ವೇಗದಲ್ಲಿ 45 ಡಿಗ್ರಿಯ ಕೋನದಿಂದ ಹೊರಟ ವಸ್ತುವು ಸುಮಾರು 41 ಮೀಟರ್ ದೂರಕ್ಕೆ ಬೀಳುತ್ತದೆ. ವೇಗವು 28 ಮೀಟರಾದರೆ ದೂರವು 80 ಮೀಟರಾಗುತ್ತದೆ. ದೂರವು ವೇಗದ ವರ್ಗವನ್ನು ಅನುಸರಿಸುತ್ತದೆಯಾಗಿ, ವೇಗದಲ್ಲಿ ಹತ್ತರಲ್ಲೊಂದು ಪಾಲನ್ನು ಕಳೆದುಕೊಂಡವನು ದೂರದಲ್ಲಿ ಹೆಚ್ಚುಕಡಿಮೆ ಐದರಲ್ಲೊಂದು ಪಾಲನ್ನು ಕಳೆದುಕೊಳ್ಳುತ್ತಾನೆ. ಹೊರಡುವ ಕ್ಷಣದಲ್ಲಿಯೇ ಉಜ್ಜುವಿಕೆಯು ಕದಿಯುವ ಅಲ್ಪವು ಬೀಳುವ ಸ್ಥಳದಲ್ಲಿ ಅಲ್ಪವಾಗಿ ಕಾಣಿಸುವುದಿಲ್ಲ.

ಇನ್ನು ಕೋಲು. ಕೋಲಿನ ಬುಡದಲ್ಲಿ, ಹಿಡಿಯ ಮೇಲ್ಗಡೆ, ಸಣ್ಣ ಅಕ್ಷರಗಳಲ್ಲಿ 10ರಿಂದ 30 ಗ್ರಾಂ ಎಂದೋ, 5ರಿಂದ 15 ಗ್ರಾಂ ಎಂದೋ ಬರೆದಿರುತ್ತದೆ. ಅದನ್ನು ಓದುವವರು ವಿರಳ. ಆ ಕೋಲು ಎಷ್ಟು ಭಾರದ ಎರೆಯಿಂದ ಸಮರ್ಪಕವಾಗಿ ಬಾಗಿ, ಬಾಗಿದುದು ಸಿಡಿದು ಎಸೆಯಬಲ್ಲದೆಂಬುದರ ಸೂಚನೆ ಅದು. ಮೂವತ್ತು ಗ್ರಾಮಿನ ಕೋಲಿಗೆ ಐದು ಗ್ರಾಮಿನ ಎರೆಯನ್ನು ಕಟ್ಟಿದರೆ ಕೋಲು ಬಾಗುವುದೇ ಇಲ್ಲ. ಬಾಗದ ಕೋಲು ಬರಿಯ ಬಡಿಗೆ. ಇದರ ಲಕ್ಷಣವು ಹಿಂದೆ ಹೇಳಿದುದಕ್ಕಿಂತ ಭಿನ್ನವಾದುದು: ಎರೆಯು ನಡುವೆ ನಿಲ್ಲುವುದಿಲ್ಲ, ಮೊದಲಿನಿಂದಲೇ ಹುರುಪಿಲ್ಲದೆ ಹೊರಡುತ್ತದೆ. ತದ್ವಿರುದ್ಧವಾಗಿ, ತೆಳುವಾದ ಕೋಲಿಗೆ ಅತಿಭಾರವನ್ನು ಕಟ್ಟಿದರೆ ಕೋಲು ಬಾಗಿದ್ದು ಮೇಲೇಳುವಷ್ಟರಲ್ಲಿ ಸಮಯ ಮೀರಿರುತ್ತದೆ. ಒಂದು ದಿನ ಮುರಿದೂ ಹೋಗುತ್ತದೆ. ಎರೆಯ ಆಕಾರವೂ ಗಣನೀಯವೇ. ಒಂದೇ ತೂಕದ ಎರಡು ಎರೆಗಳಲ್ಲಿ, ಗಟ್ಟಿಯಾಗಿ ಗಿಡ್ಡವಾಗಿರುವ ಲೋಹದ ಚಮಚವು ಗಾಳಿಯನ್ನು ಸೀಳಿಕೊಂಡು ಹೋಗುವಾಗ, ಮರಲ್ ಹಿಡಿಯಲು ಬಳಸುವ ಪೊಳ್ಳು ರಬ್ಬರಿನ ಕಪ್ಪೆಯು ಬಾಲವನ್ನು ಬೀಸುತ್ತ ದಾರಿಯಲ್ಲಿಯೇ ಸುಸ್ತಾಗುತ್ತದೆ.

ಯೂರೋಪು ಮೊದಲಾದೆಡೆಗಳಲ್ಲಿ ಎಸೆತವನ್ನೇ ಪ್ರತ್ಯೇಕ ಕ್ರೀಡೆಯನ್ನಾಗಿ ಮಾಡಿಕೊಂಡಿದ್ದಾರೆ. ಅಲ್ಲಿ ನೀರೂ ಇಲ್ಲ, ಮೀನೂ ಇಲ್ಲ, ಹುಲ್ಲುಬಯಲಿನಲ್ಲಿ 7.5 ಗ್ರಾಂ ಅಥವಾ 18 ಗ್ರಾಂ ತೂಕದ ಗುಂಡನ್ನು ಎಸೆದು ಪಟ್ಟಿ ಹಿಡಿದು ಅಳೆಯುತ್ತಾರೆ. ಮೀನಿಲ್ಲದ ಮೀನುಗಾರಿಕೆಯೆಂದು ನಮ್ಮ ದಂಡೆಯ ಹಿರಿಯರು ನಕ್ಕಾರು. ಆದರೂ ಗುಂಡಿನ ತೂಕವನ್ನು ಅರ್ಧ ಗ್ರಾಂ ವ್ಯತ್ಯಾಸವಿಲ್ಲದೆ ನಿಗದಿಗೊಳಿಸಿ, ಅದಕ್ಕೆ ತಕ್ಕ ಕೋಲನ್ನು ಆರಿಸಿಕೊಳ್ಳುವ ಅವರ ನಿಷ್ಠೆಯಿಂದ ನಾವು ಕಲಿಯಬೇಕಾದುದಿದೆ.

ಕೋಲಿನ ಉಂಗುರಗಳ ಒಳಗಡೆ ಹರಳಿನಂತಹ ನುಣುಪಾದ ಬಳೆಯಿರುತ್ತದೆ. ಅದು ಬಿರುಕುಬಿಟ್ಟಿದ್ದರೆ ಕಣ್ಣಿಗೆ ಕಾಣದು. ಒಂದು ಚೂರು ಹತ್ತಿಯನ್ನು ಉಂಗುರದೊಳಗೆ ಸುತ್ತಲೂ ಆಡಿಸಿದರೆ, ಬಿರುಕಿರುವಲ್ಲಿ ಎಳೆಯು ಸಿಕ್ಕಿಕೊಂಡು ತಾನೇ ತೋರಿಸಿಕೊಡುತ್ತದೆ. ಎರಡು ತುಂಡಿನ ಕೋಲನ್ನು ಜೋಡಿಸುವಾಗ ಉಂಗುರಗಳೆಲ್ಲ ಒಂದೇ ಗೆರೆಯಲ್ಲಿವೆಯೇ ಎಂದು ಬುಡದಿಂದ ಒಂದು ಕಣ್ಣು ಮುಚ್ಚಿ ನೋಡಬೇಕು. ಕಂಡಿಕೆಯ ಅಂಚಿನಲ್ಲಿ ಕಲ್ಲಿಗೆ ತಾಗಿದ ಗೀರಿದ್ದರೂ ಇದೇ ಹತ್ತಿಯು ಅದನ್ನು ಹಿಡಿದುಕೊಡುತ್ತದೆ. ಮೂಲದಾರಕ್ಕೆ ಬೇರೆ ತುಂಡನ್ನು ಗಂಟು ಹಾಕಿ ಜೋಡಿಸುವವರು, ಆ ಗಂಟನ್ನು ಎಸೆಯುವಾಗ ತುದಿಯುಂಗುರದ ಹೊರಗೇ ಇರಿಸುವಷ್ಟು ತುಂಡನ್ನು ಗಿಡ್ಡ ಮಾಡಿಕೊಂಡರೆ ಒಂದು ತೊಡಕು ತಪ್ಪುತ್ತದೆ. ಜೋರಾಗಿ ಎಸೆದಾಗ ದಾರವನ್ನು ಕಂಡಿಕೆಗೆ ಸುತ್ತುವ ರೀಲಿನ ಕಮಾನುತಂತಿಯು ನಡುವೆಯೇ ಟಪ್ಪನೆ ಮುಚ್ಚಿಕೊಂಡು ಎರೆಯು ಕಿತ್ತುಹೋಗುವುದೂ ಉಂಟು. ಅದು ಸ್ಪ್ರಿಂಗು ಸವೆದುದರ ಗುರುತು.

ಕಟ್ಟಕಡೆಗೆ ಕೈಯ ಸರದಿ. ಒಂದು ಸಂಜೆ ಹಿನ್ನೀರಿನ ಬಳಿ ಹೊಸ ಕೋಲನ್ನು ಹಿಡಿದು ಬೆವರಿಳಿಸುತ್ತಿದ್ದ ತರುಣನೊಬ್ಬನು ನನ್ನನ್ನು ಕಂಡು, “ಕಾಕಾ, ರಟ್ಟಿ ಮುರಿಯೋ ಹಂಗ ಒಗದ್ರೂ ದೂರ ಹೋಗವಲ್ದು ನೋಡ್ರಿ; ಈ ಕೋಲೇ ಖರಾಬ್ ಅದ” ಎಂದನು. ಕಂಡಿಕೆ ತುಂಬಿತ್ತು, ದಾರ ತೆಳುವಾಗಿತ್ತು, ಎರೆಯ ತೂಕವೂ ಒಪ್ಪುವಂತಿತ್ತು. ಎರೆಯು ಮಾತ್ರ ಕೋಲಿನ ತುದಿಗೆ ಅಂಟಿಕೊಂಡಂತೆ ತೂಗುತ್ತಿತ್ತು. “ತಮ್ಮಾ, ಒಂದ್ ಮೊಳ ದಾರ ಇಳಿಬಿಡು, ಆಮ್ಯಾಲ ಜರಾ ಹಗೂರ್ಕ ಒಗದು ನೋಡು” ಎಂದೆನು. ಅರ್ಧ ಬಲದಿಂದ ಎಸೆದುದು ಮೊದಲಿನದಕ್ಕಿಂತ ಆಚೆಗೆ ಬಿತ್ತು. ಅವನು ಸಂತೋಷಪಡುವುದರ ಬದಲು, ತಾನು ಇಷ್ಟು ಹೊತ್ತು ಪಟ್ಟ ಶ್ರಮವೆಲ್ಲ ದಂಡವಾಯಿತೆಂದು ರೇಗಿಕೊಂಡದ್ದು ಸ್ವಾಭಾವಿಕವೇ ಸರಿ.

ತುದಿಯಿಂದ ಒಂದು ಮೊಳದಷ್ಟು ಇಳಿಬಿಟ್ಟ ಎರೆಯು ಹಿಂದಕ್ಕೆ ತೂಗಿ, ಕೋಲನ್ನು ತನ್ನ ಭಾರದಿಂದ ಬಾಗಿಸುತ್ತದೆ. ಆ ಬಾಗನ್ನು ಕಳೆದುಕೊಳ್ಳುವ ಮೊದಲೇ ಮುಂದಕ್ಕೆ ತರಬೇಕು. ಹಿಂದೆ ಒಯ್ದು, ನಿಂತು, ಯೋಚಿಸಿ, ಅನಂತರ ಮುಂದಕ್ಕೆ ಬೀಸುವವನ ಕೋಲು ಆ ವೇಳೆಗೆ ನೆಟ್ಟಗಾಗಿರುತ್ತದೆ. ಚಲನೆಯು ನಿಧಾನವಾಗಿ ತೊಡಗಿ, ವೇಗವನ್ನು ಗಳಿಸುತ್ತ ಹೋಗಿ, ತಲೆಯ ಮೇಲಿನಿಂದ ಸ್ವಲ್ಪ ಮುಂದಕ್ಕೆ ಬಂದಲ್ಲಿ ತಟ್ಟನೆ ನಿಲ್ಲಬೇಕು. ಕೈ ನಿಂತಾಗಲೇ ಕೋಲಿನ ತುದಿ ಸಿಡಿಯುವುದು. ಎಂಟು ಅಡಿಗಿಂತ ಉದ್ದವಾದ ಕೋಲಾದರೆ ಎರಡೂ ಕೈ ಬೇಕು. ಬಲಗೈ ಮುಂದಕ್ಕೆ ದೂಡುವಾಗ ಎಡಗೈ ಬುಡವನ್ನು ಎದೆಯ ಕಡೆಗೆ ಸೆಳೆಯಬೇಕು. ನಮ್ಮಲ್ಲಿ ಎಡಗೈಯನ್ನು ಸುಮ್ಮನೆ ಜೊತೆಗಿರಿಸಿಕೊಳ್ಳುವವರೇ ಹೆಚ್ಚು. ಡ್ರ್ಯಾಗು ಸಡಿಲವಾಗಿದ್ದರೆ ಈ ಸೆಳೆತದ ನಡುವೆ ಕಂಡಿಕೆಯೇ ಕೊಂಚ ಜಾರಿ, ಕೋಲಿಗೆ ಸೇರಬೇಕಾದ ಬಲವು ವ್ಯರ್ಥವಾಗುತ್ತದೆ.

ತೋರುಬೆರಳಿನಿಂದ ದಾರವನ್ನು ಬಿಡುವ ಕ್ಷಣದ ವಿಚಾರವನ್ನು ಎರೆಯೇ ಹೇಳುತ್ತದೆ. ಆಕಾಶಕ್ಕೆ ನೆಗೆದು ಹತ್ತಿರದಲ್ಲಿಯೇ ಬಿದ್ದರೆ ಬೆರಳು ಬೇಗ ಬಿಟ್ಟಿತು. ಎದುರಿನ ನೀರಿಗೆ ಛಟ್ಟನೆ ಅಪ್ಪಳಿಸಿದರೆ ತಡವಾಗಿ ಬಿಟ್ಟಿತು. ಗಾಳಿ ಬೀಸುವ ದಿನ ಈ ಕ್ಷಣವು ಬದಲಾಗತಕ್ಕದ್ದು. ಆಷಾಢದಲ್ಲಿ ನಮ್ಮ ಬಯಲಿನ ಮೇಲೆ ಪಡುಗಾಳಿಯು ಹುಯ್ಯಲಿಡುವಾಗ, ಜಲಾಶಯದ ಪಡುದಂಡೆಯಲ್ಲಿ ಬೆನ್ನಿಗೆ ಗಾಳಿಯನ್ನು ಇಟ್ಟುಕೊಂಡು ನಿಂತವನು ಎರೆಯನ್ನು ಎತ್ತರಕ್ಕೆ ಬಿಟ್ಟು ದೂರವನ್ನು ಪುಕ್ಕಟೆಯಾಗಿ ಪಡೆಯುತ್ತಾನೆ. ಮೂಡಣ ದಂಡೆಯವನು ಗಾಳಿಗೆದುರಾಗಿ ತಗ್ಗಾಗಿಯೇ ಎಸೆಯಬೇಕು. ಆದರೆ ಅಲೆಗಳು ಹುಳುಹುಪ್ಪಟೆಗಳನ್ನೂ ಅವುಗಳ ಬೆನ್ನಟ್ಟಿದ ಸಣ್ಣ ಮೀನುಗಳನ್ನೂ ಸಾಗಿಸಿಕೊಂಡು ಬರುವುದು ಆ ಮೂಡಣ ದಂಡೆಗೇ. ದೂರ ಒಬ್ಬನಿಗೆ, ಮೀನು ಇನ್ನೊಬ್ಬನಿಗೆ!

ದೋಷವನ್ನು ಹುಡುಕುವವನು ಒಂದು ವ್ರತವನ್ನು ಪಾಲಿಸಬೇಕು: ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಬೇಕು. ದಾರ, ಎರೆ, ಕೋಲು ಮೂರನ್ನೂ ಒಟ್ಟಿಗೆ ಬದಲಾಯಿಸಿ ದೂರ ಹೆಚ್ಚಿದರೆ, ಯಾವುದರಿಂದ ಹೆಚ್ಚಿತೆಂದು ಬ್ರಹ್ಮನಿಗೂ ತಿಳಿಯದು. ಇದಕ್ಕೆ ನೀರಿಗಿಂತ ನೆಲವೇ ಲೇಸು. ಕಡಲೆಯೋ ಜೋಳವೋ ಕೊಯ್ಲಾದ ಹೊಲದಲ್ಲಿ ಹತ್ತು ಹತ್ತು ಮಾರಿಗೆ ಗೂಟ ನೆಟ್ಟು, ಗಾಳವಿಲ್ಲದ ಸೀಸದ ಗುಂಡನ್ನು ಕಟ್ಟಿ, ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ ಎಸೆದು ನೋಡಿದರೆ, ನೀರಿನ ಮೇಲೆ ನಮಗೆ ನಾವೇ ಹೇಳಿಕೊಳ್ಳುವ ಸುಳ್ಳುಗಳೆಲ್ಲ ಬಯಲಾಗುತ್ತವೆ. ನಲವತ್ತು ಮಾರೆಂದು ನಂಬಿದ್ದುದು ಇಪ್ಪತ್ತೆರಡಾಗುವುದು ಅಪರೂಪವಲ್ಲ. ಹೊಲದ ಮೇಲೆ ವಿದ್ಯುತ್ತಿನ ತಂತಿಯಿಲ್ಲವೆಂಬುದನ್ನು ಮೊದಲೇ ಖಚಿತಪಡಿಸಿಕೊಳ್ಳಬೇಕು. ಈಗಿನ ಕೋಲುಗಳಲ್ಲಿರುವ ಕಾರ್ಬನ್ ನಾರು ವಿದ್ಯುತ್ತನ್ನು ಚೆನ್ನಾಗಿ ಹರಿಯಬಿಡುವಂತಹುದು, ತಂತಿಗೆ ತಾಗಿದರೆ ಪ್ರಾಣವೇ ಹೋಗುತ್ತದೆ. ಎಸೆಯುವ ಮುನ್ನ ಪ್ರತಿಸಲವೂ ಹಿಂದಿರುಗಿ ನೋಡುವುದನ್ನು ಮಕ್ಕಳಿಗೆ ಮೊದಲ ಪಾಠವಾಗಿ ಕಲಿಸತಕ್ಕದ್ದು. ಹಿಂದೆ ನಿಂತವರ ಕಣ್ಣಿಗೆ ಗಾಳವು ಸಮೀಪದಲ್ಲಿಯೇ ಬೀಳುತ್ತದೆ.

ಜಲಾಶಯಗಳಲ್ಲಿ ಮೀನು ಹಿಡಿಯುವ ಹಕ್ಕು ಮೀನುಗಾರಿಕೆ ಇಲಾಖೆಯ ಪರವಾನಗಿಗೂ ಗುತ್ತಿಗೆಗೂ ಒಳಪಟ್ಟಿರುವುದರಿಂದ, ಕೋಲನ್ನು ಬಿಚ್ಚುವ ಮೊದಲು ಅಲ್ಲಿಯ ಮೀನುಗಾರರನ್ನು ಕೇಳಿಕೊಳ್ಳುವುದು ಮರ್ಯಾದೆಯೂ ಹೌದು, ಲಾಭವೂ ಹೌದು. ಎಷ್ಟು ದೂರ ಎಸೆಯಬೇಕೆಂಬ ಪ್ರಶ್ನೆಗೆ ಅವರು ಕೊಡುವ ಉತ್ತರವು ನನ್ನ ಲೆಕ್ಕಾಚಾರಗಳನ್ನೆಲ್ಲ ತಲೆಕೆಳಗು ಮಾಡುವುದೂ ಉಂಟು. ಕಟ್ಟೆಯ ಕಲ್ಲುಹಾಸಿನ ಬಳಿ ಕಾಲ ಕೆಳಗೇ ಆಳವಿರುವಾಗ ಮೂವತ್ತು ಮಾರು ಎಸೆದವನು ಮೀನನ್ನು ದಾಟಿ ಎಸೆದಂತಾಗುತ್ತದೆ. ಜೊಂಡಿರುವ ದಂಡೆಯಲ್ಲಿ ಮರಲ್ ಮೀನು ಐದಾರು ಮಾರಿನೊಳಗೇ ಅಡಗಿರುತ್ತದೆ, ಅಲ್ಲಿ ಬೇಕಾದುದು ದೂರವಲ್ಲ, ಸದ್ದಿಲ್ಲದ ಹೆಜ್ಜೆ. ಮಳೆಗಾಲದಲ್ಲಿ ಆ ಜೊಂಡಿನ ನಡುವೆ ಕೆಂಪು ಕೆಂಪಾದ ಮರಿಗಳ ಗುಂಪು ನೀರಿನ ಮೇಲ್ಮೈಯಲ್ಲಿ ಮಿಣುಗುಟ್ಟುತ್ತಿದ್ದರೆ, ಅದರ ಕೆಳಗೆ ತಾಯಿತಂದೆಗಳು ಕಾವಲಿರುತ್ತವೆ. ಅವು ತಮ್ಮ ಹಸಿವಿಗಲ್ಲದೆ ಮರಿಗಳ ರಕ್ಷಣೆಗಾಗಿಯೇ ಎರೆಯ ಮೇಲೆ ಬೀಳುವುವಾದುದರಿಂದ, ಎಷ್ಟು ಹತ್ತಿರದಲ್ಲಿದ್ದರೂ ಅಲ್ಲಿಗೆ ಎಸೆಯತಕ್ಕದ್ದಲ್ಲ. ಕೋಲನ್ನೂ ಕಂಡಿಕೆಯನ್ನೂ ಸಿದ್ಧಮಾಡಿಟ್ಟುಕೊಳ್ಳಬೇಕಾದುದು ಬೇಸಿಗೆಯ ಕೆಸರುದಂಡೆಗೆ.